ಹೊಲಿಗೆ ಟೀಚರ್ ಮತ್ತು ರೇಡಿಯೇಷನ್ ಪೌಚ್

ಹೊಲಿಗೆ ಟೀಚರ್ ನಮ್ಮ ಮನೆಗೆ ಬಂದರೆ ಚಾಪೆ ಹಾಸುವ ಕೆಲಸ ಇರುತ್ತಿರಲಿಲ್ಲ. ಅವರು ಕೂರುತ್ತಲೇ ಇರಲಿಲ್ಲ. ಹೊಸ್ತಿಲು ದಾಟಿದವರು ಸೀದಾ ಒಲೆಯ ಹತ್ತಿರ ಹೋಗಿ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದರು. ಅಲ್ಲಿಂದ ಹಿತ್ತಿಲಿಗೆ ಹೋಗಿ ಒಣಹಾಕಿದ ಸೀರೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. ಮತ್ತೆ ಒಳಗೆ ಬಂದು ಗೋಡೆಯ ಕ್ಯಾಲೆಂಡರ್ ತಿರುವಿ ಹಾಕುತ್ತಿದ್ದರು. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಓಡಾಟ. ಮಾತು ಮುಗಿಯುವ ಮೊದಲೇ ಬೀದಿಗೆ ಇಳಿದಿರುತ್ತಿದ್ದರು. ಉಳಿದರ್ಧ ಮಾತು ಬೀದಿಯಿಂದ ಕೇಳಿಸುತ್ತಿತ್ತು.

ಮಕ್ಕಳೇ, ನೀವು ಮೂವರೂ ಅವರನ್ನು ನೋಡಿಲ್ಲ. ಕಳೆದ ತಿಂಗಳು ಚಿತ್ರದುರ್ಗದಿಂದ ಅವರ ತಂಗಿ ಫೋನ್ ಮಾಡಿ, ಅಕ್ಕ ಹೋದರು ಎಂದರು. ನಾನು ಹೂಂ ಎಂದೆನೇ ಹೊರತು ಬೇರೆ ಮಾತು ಬರಲಿಲ್ಲ. ಅಂದಿನಿಂದ ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಅಕ್ಕಿ ಆರಿಸಲು ಕೂತರೆ ಎದ್ದು ಬಾಗಿಲಿಗೆ ಹೋಗುತ್ತೇನೆ, ಬಾಗಿಲಿಗೆ ಹೋದರೆ ಯಾಕೆ ಬಂದೆ ಎನ್ನುವುದು ಮರೆತುಹೋಗುತ್ತದೆ. ಬಾಯಲ್ಲಿ ಹೇಳಲು ಬಾರದ್ದನ್ನು ಬರೆದಾದರೂ ಇಡೋಣ ಎಂದು ಕೂತಿದ್ದೇನೆ. ನಾನು ಓದಿದ್ದು ನಮ್ಮ ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅವರ ಹೆಸರು ಬರೆಯುವುದಿಲ್ಲ. ಹೊಸದುರ್ಗದ ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಟೀಚರ್ ಆಗಿ ಹೊಳಲ್ಕೆರೆ, ಹಿರಿಯೂರು ಸುತ್ತಿ, ಕೊನೆಗೆ ನಮ್ಮೂರಿಗೆ ಬಂದು ಇಲ್ಲೇ ರಿಟೈರ್ ಆದವರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದವರಿಗೆ, "ಅಳತೆ ಸರಿಹೋಗ್ಲಿಲ್ಲ" ಎನ್ನುತ್ತಿದ್ದರಂತೆ.

ಯಾವುದನ್ನೂ ಪರೀಕ್ಷೆ ಮಾಡದೆ ಬಿಡುವ ಜೀವ ಅದಲ್ಲ. ಒಮ್ಮೆ ಹೊಳಲ್ಕೆರೆಯಲ್ಲಿ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆ. ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಗಂಡಿನ ಸೋದರತ್ತೆ ತಮ್ಮ ಸೀರೆ ಅಪ್ಪಟ ರೇಷ್ಮೆ ಎಂದು ಸಾಲಿನುದ್ದಕ್ಕೂ ಹೇಳಿಕೊಂಡು ಬರುತ್ತಿದ್ದರು. ಟೀಚರ್ ಅವರ ಸೆರಗನ್ನು ಮುಟ್ಟಿ ಹೊಗಳುತ್ತಲೇ ಒಂದು ಎಳೆ ಎಳೆದುಕೊಂಡರು. ಸೀದಾ ದೀಪದ ಕಂಬದ ಹತ್ತಿರ ಹೋಗಿ ಸುಟ್ಟರು. ಮೂಗಿಗೆ ಹಿಡಿದು ವಾಸನೆ ನೋಡಿದರು.

"ಕೂದ್ಲು ಸುಟ್ಟಂಗೆ ವಾಸ್ನೆ ಬಂದ್ರೆ ರೇಷ್ಮೆ. ಇದು ಪ್ಲಾಸ್ಟಿಕ್ ಬಕೀಟು ಸುಟ್ಟಂಗೈತೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವರ ಪಿಸುಮಾತು ಮೂರು ಸಾಲಿಗೆ ಕೇಳಿಸುವಂಥದ್ದು. ನಾನು ಊಟ ಮಾಡದೆ ಹಿಂದಿನ ಬಾಗಿಲಿನಿಂದ ಹೊರಟುಬಿಟ್ಟೆ. ಅವರು ಎರಡನೇ ಸಲ ಪಾಯಸ ಹಾಕಿಸಿಕೊಂಡು ನಿಧಾನವಾಗಿ ಬಂದರು.

ಬಸ್ಸಿನ ವಿಷಯವೂ ಹಾಗೆಯೇ. ನಿಂತ ಬಸ್ಸಿನಲ್ಲಿ ಅವರಿಂದ ಇರಲು ಆಗುತ್ತಿರಲಿಲ್ಲ. ಚಿತ್ರದುರ್ಗಕ್ಕೆ ಹೋಗಲು ಹತ್ತಿ, ಡ್ರೈವರ್ ಚಹಾಕ್ಕೆ ಹೋದ ಎಂದು ಇಳಿದು, ಪಕ್ಕದಲ್ಲಿ ಹೊರಟಿದ್ದ ಹಿರಿಯೂರು ಬಸ್ಸಿಗೆ ಓಡಿ ಹತ್ತಿಬಿಡುತ್ತಿದ್ದರು. "ಅಲ್ಲಿಂದ ದುರ್ಗಕ್ಕೆ ಬೇಕಾದಷ್ಟು ಬಸ್ ಅವೆ. ಕುಂತು ಕಾಯೋಕಿಂತ ಸುತ್ತಿ ಹೋಗೋದು ವಾಸಿ" ಎನ್ನುತ್ತಿದ್ದರು. ಆ ಬಸ್ಸು ಹಿರಿಯೂರು ಮುಟ್ಟುವ ಹೊತ್ತಿಗೆ ಬಿಟ್ಟು ಬಂದ ಬಸ್ಸು ದುರ್ಗ ಮುಟ್ಟಿರುತ್ತಿತ್ತು. ಅದನ್ನು ಹೇಳಿದರೆ ಸಿಟ್ಟು.

ನಿಮ್ಮ ತಾತ ಹೋದ ಮೇಲೆ ನಾನು ಹೊರಗೆ ಬರುವುದನ್ನೇ ಬಿಟ್ಟಿದ್ದೆ. ನಿಮ್ಮ ಅಪ್ಪ ಆಗ ಹಿರಿಯೂರಿನಲ್ಲಿ ತೆಂಗಿನಕಾಯಿ ಮಂಡಿಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಯಾರಾದರೂ ಬಾಗಿಲು ತಟ್ಟಿದರೆ ನಾನು ಒಳಕೋಣೆಯಲ್ಲಿ ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದೆ. ಟೀಚರ್ ಒಂದು ದಿನ ಬಾಗಿಲು ತಟ್ಟಲೇ ಇಲ್ಲ. ಹಿತ್ತಿಲಿನಿಂದ ಬಂದು ಬ್ಲೌಸುಗಳ ಗಂಟನ್ನು ನನ್ನ ಮುಂದೆ ಹಾಕಿದರು.

"ಹುಕ್ಸು ಹಚ್ಚು, ಕಾಜಾ ಮಾಡು. ಬಾಯಿ ಬರ್ದಿದ್ರೆ ಬೇಡ, ಕೈ ಬರ್ತೈತಲ್ಲ" ಎಂದರು. ಹಾಗೆ ನಾನು ಅವರು ಕಟ್ಟಿದ್ದ ಮಹಿಳಾ ಸಂಘಕ್ಕೆ ಸೇರಿದೆ. ಸಂಘದ ಕೆಲಸ ಅವರ ಮನೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ನಾವೆಲ್ಲ ಕೂತು ಹೊಲಿದರೆ ಅವರು ನಡುವೆ ತಿರುಗುತ್ತಾ ಕೆಟ್ಟ ಹೊಲಿಗೆಯನ್ನು ಬಿಚ್ಚಿಸುತ್ತಿದ್ದರು.

ಮೊಬೈಲು ಊರಿಗೆ ಬಂದ ಕಾಲ. ಎರಡು ಸಾವಿರದ ಐದೋ ಆರೋ ಇರಬೇಕು. ಗಂಡಸರು ಷರಟಿನ ಜೇಬಿಗೆ, ಹೆಂಗಸರು ಕೊರಳಿಗೆ ಫೋನ್ ತೂಗಿಬಿಡುತ್ತಿದ್ದರು. ಅದಕ್ಕೆ ದಾರವಿರುವ ಸಣ್ಣ ಚೀಲ, ಪೌಚ್ ಎನ್ನುವುದು, ಬೇಕಾಗುತ್ತಿತ್ತು. ಚಿತ್ರದುರ್ಗದ ಒಬ್ಬ ವ್ಯಾಪಾರಿ ನಮ್ಮ ಸಂಘಕ್ಕೆ ಪೌಚ್ ಹೊಲಿಯುವ ಕೆಲಸ ಕೊಟ್ಟ. ಒಳಗೆ ಹಾಕಲು ಬೆಳ್ಳಿಯಂತೆ ಹೊಳೆಯುವ ಒಂದು ಬಟ್ಟೆ ಕಳಿಸಿದ. ಮೇಲೆ ಹಚ್ಚಲು ಲೇಬಲ್ ಕೂಡ ಕಳಿಸಿದ. ಫೋನಿನ ರೇಡಿಯೇಷನ್ ತಡೆಯುತ್ತದೆ ಎಂದು ಅದರ ಮೇಲೆ ಅಚ್ಚು ಹಾಕಿಸಿದ್ದ.

ಸಂಘದಲ್ಲಿ ತಿಪ್ಪಮ್ಮ ಎಂಬವಳಿದ್ದಳು. ನಮ್ಮ ಬೀದಿಯ ತುದಿಯಲ್ಲಿ, ತಗ್ಗಿನಲ್ಲಿ ಅವಳ ಮನೆ. ಮಗ ಲಾರಿ ಡ್ರೈವರ್, ತಿಂಗಳಲ್ಲಿ ಹೆಚ್ಚು ದಿನ ಹೆದ್ದಾರಿಯ ಮೇಲೆ. ಸೊಸೆ ಕವಿತಾಳೂ ಸಂಘಕ್ಕೆ ಬರುತ್ತಿದ್ದಳು, ಆಗ ಬಸುರಿ. ಹಿಂದೆ ಒಂದು ಸಲ ಆರನೆಯ ತಿಂಗಳಲ್ಲಿ ಹೊಟ್ಟೆಯೊಳಗಿನ ಮಗು ಹೋಗಿತ್ತು. ಈ ಸಲ ತಿಪ್ಪಮ್ಮ ಸೊಸೆಯನ್ನು ಕೊಡ ಎತ್ತಲೂ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಯಾರೋ, ಫೋನಿನ ಕಿರಣ ಹೊಟ್ಟೆಯ ಮಗುವಿಗೆ ತಾಗುತ್ತದೆ ಎಂದು ಟಿವಿಯಲ್ಲಿ ಹೇಳಿದರಂತೆ. ತಿಪ್ಪಮ್ಮ ಆ ದಿನವೇ ಸೊಸೆಯ ಫೋನನ್ನು ಕಿತ್ತುಕೊಂಡು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈ ತಾಳಿಸರಕ್ಕೆ ಕಟ್ಟಿಕೊಂಡಳು.

ಕವಿತಾಗೆ ಗಂಡನ ಸುದ್ದಿ ಎಂದರೆ ಆ ಫೋನು ಮಾತ್ರ. ಅವನು ಹೆಚ್ಚು ಮಾತಾಡುತ್ತಿರಲಿಲ್ಲ, ಮಿಸ್ಡ್ ಕಾಲ್ ಕೊಡುತ್ತಿದ್ದ. ಅವಳು ಕೆಲಸದ ನಡುವೆ ಅದನ್ನು ನೋಡಿ, ತಾನೇ ನಕ್ಕು, ಮತ್ತೆ ಸೂಜಿ ಹಿಡಿಯುತ್ತಿದ್ದಳು. ಫೋನು ಟ್ರಂಕಿಗೆ ಹೋದ ಮೇಲೆ ಆ ಹುಡುಗಿಯ ಊಟ ಇಳಿಯಿತು. ರಸ್ತೆಯಲ್ಲಿ ಲಾರಿ ಸದ್ದು ಕೇಳಿದರೆ ಎದ್ದು ಬಾಗಿಲಿಗೆ ಹೋಗುವುದು, ಬರುವುದು. ಹೊಸ ಪೌಚ್ ನೋಡಿದ್ದೇ ಅವಳು ಟೀಚರ್ ಕೈ ಹಿಡಿದುಕೊಂಡಳು.

"ಟೀಚರ್, ಇದು ನಿಜವಾಗ್ಲೂ ತಡೀತೈತಾ? ತಡೆದ್ರೆ ಅತ್ತೆ ಫೋನ್ ಕೊಡ್ತಾರೆ."

"ಅಚ್ಚು ಹಾಕ್ಸಿದ್ದೆಲ್ಲ ನಿಜ ಅಲ್ಲ. ನೋಡಾಣ" ಎಂದರು ಟೀಚರ್. ಆ ಹೊತ್ತಿನಿಂದ ಅವರಿಗೆ ನಿದ್ದೆ ಇಲ್ಲ.

ಪರೀಕ್ಷೆ ತಿಪ್ಪಮ್ಮನ ಮನೆಯ ನಡುಮನೆಯಲ್ಲೇ ನಡೆಯಿತು. ಟ್ರಂಕಿನಿಂದ ಫೋನು ಹೊರಗೆ ಬಂತು. ಅದನ್ನು ಪೌಚಿನಲ್ಲಿ ಹಾಕಿ ಮಣೆಯ ಮೇಲೆ ಇಟ್ಟರು. ಹೊರಗಿನಿಂದ ಒಬ್ಬರು ಫೋನ್ ಮಾಡಬೇಕು, ರಿಂಗ್ ಆಗದಿದ್ದರೆ ಪೌಚ್ ಗೆದ್ದಂತೆ ಎಂಬುದು ಟೀಚರ್ ಲೆಕ್ಕ. ತಮ್ಮ ಮೊಬೈಲನ್ನು ಆತುರದಲ್ಲಿ ಮನೆಯಲ್ಲೇ ಬಿಟ್ಟು ಬಂದಿದ್ದರಿಂದ ಫೋನ್ ಮಾಡಲು ನನ್ನನ್ನು ಕಳಿಸಿದರು. ಬೀದಿಯ ಅಂಗಡಿಯಲ್ಲಿ ಕಾಯಿನ್ ಬಾಕ್ಸ್ ಫೋನ್ ಇತ್ತು. ಅದುವರೆಗೆ ನಾನಾಗಿ ಒಂದು ನಂಬರ್ ಒತ್ತಿದವಳಲ್ಲ. ಅಂಗಡಿಯವನು, "ಏನಮ್ಮ, ಯಾವತ್ತೂ ಇಲ್ದೋರು, ಯಾರಿಗೆ ಫೋನು?" ಎಂದ. ನಾನು ಅವನಿಗೆ ಬೆನ್ನು ಹಾಕಿ ನಿಂತೆ. ನಂಬರ್ ಒತ್ತಿದೆ. ಒಬ್ಬ ಹೆಂಗಸು ತುಂಬ ಮರ್ಯಾದೆಯಿಂದ ಏನೋ ಹೇಳಿದಳು. ಫೋನ್ ಇಟ್ಟು ಓಡಿಬಂದೆ.

"ಇಲ್ಲಿ ರಿಂಗ್ ಆಗ್ಲಿಲ್ಲ. ನಿಂಗೇನು ಕೇಳಿಸ್ತು?" ಎಂದು ಟೀಚರ್ ಬಾಗಿಲಲ್ಲೇ ತಡೆದರು.

"ಯಾರೋ ಒಬ್ರು ಮಾತಾಡಿದ್ರು. ವ್ಯಾಪ್ತಿ ಪ್ರದೇಶದಲ್ಲಿ ಇಲ್ಲ ಅಂದ್ರು."

"ಕೇಳಿದ್ರಾ!" ಟೀಚರ್ ಕೈ ತಟ್ಟಿದರು. "ಇಲ್ಲೇ ಮಣೆ ಮೇಲೈತೆ ಫೋನು. ಕಂಪ್ನಿಯೋರಿಗೆ ಕಾಣಿಸ್ತಿಲ್ಲ. ಪೌಚು ಪೂರ್ತಿ ತಡೆದೈತೆ!"

ತಿಪ್ಪಮ್ಮ ಎಲ್ಲರ ಕೈಗೂ ಬೆಲ್ಲ ಕೊಟ್ಟಳು. ಫೋನನ್ನು ಪೌಚಿನ ಸಮೇತ ತಾನೇ ಸೊಸೆಯ ಕೊರಳಿಗೆ ಹಾಕಿದಳು. ಕವಿತಾ ತಲೆ ತಗ್ಗಿಸಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಆ ದಿನದಿಂದ ತಿಪ್ಪಮ್ಮ ಸೊಸೆಯನ್ನು ಸಂಘಕ್ಕೂ ಬಿಡದೆ ಮನೆಯೊಳಗೇ ಕೂರಿಸಿದಳು. ಆಮೇಲೆ ಫೋನ್ ಬರಲೇ ಇಲ್ಲ. ಒಂದು ಮಿಸ್ಡ್ ಕಾಲ್ ಕೂಡ ಇಲ್ಲ. ತಿಪ್ಪಮ್ಮ ಖುಷಿಯಾಗಿದ್ದಳು. "ಎಂಥಾ ಪೌಚು ನೋಡ್ರಿ! ಒಂದು ಕಿರಣಾನೂ ಒಳಗೆ ಬಿಡ್ತಿಲ್ಲ" ಎಂದು ಸಂಘದಲ್ಲಿ ಹೇಳಿಕೊಂಡಳು. ಕವಿತಾಳ ಮುಖ ಮಾತ್ರ ದಿನದಿನಕ್ಕೂ ಸಣ್ಣಗಾಯಿತು. ಸುಮ್ಮನೆ ಕೂತಿರುವಾಗಲೂ ಅವಳ ಬೆರಳುಗಳು ಪೌಚಿನ ಗುಂಡಿಯನ್ನು ತೆಗೆದು ಹಾಕಿ ಮಾಡುತ್ತಿದ್ದವು.

ಟೀಚರ್‌ಗೂ ಸಮಾಧಾನವಿರಲಿಲ್ಲ. ಒಂದು ಮಧ್ಯಾಹ್ನ ಏನೋ ನೆಪ ತೆಗೆದು ತಿಪ್ಪಮ್ಮನ ಮನೆಗೆ ಹೋದರು, ನಾನೂ ಜೊತೆಗಿದ್ದೆ. ತಿಪ್ಪಮ್ಮ ಹಾಲು ತರಲು ಹೋಗಿದ್ದಳು. ಟೀಚರ್ ನಡುಮನೆಯಲ್ಲಿ ಓಡಾಡುತ್ತಾ, ಹೊತ್ತೆಷ್ಟಾಯಿತೆಂದು ತಮ್ಮ ಮೊಬೈಲ್ ತೆಗೆದು ನೋಡಿದರು. ನೋಡಿದವರು ನಿಂತುಬಿಟ್ಟರು. ಅವರ ಫೋನಿಗೆ ಪೌಚೂ ಇರಲಿಲ್ಲ, ಏನೂ ಇರಲಿಲ್ಲ. ಆದರೂ ಸಿಗ್ನಲಿನ ಒಂದು ಕಡ್ಡಿಯೂ ಅದರಲ್ಲಿ ಕಾಣಿಸುತ್ತಿರಲಿಲ್ಲ.

"ಕವಿತಾ, ಈ ಮನೆಯೊಳಗೆ ಕಡ್ಡಿ ಬರ್ತಾವೇನೇ?"

"ಇಲ್ಲ ಟೀಚರ್. ಒಳಗೆ ಯಾವತ್ತೂ ಬರಲ್ಲ. ಹಿತ್ತಿಲಲ್ಲಿ ಬಟ್ಟೆ ಒಗೆಯೋ ಕಲ್ಲತ್ರ ಹೋಗ್ಬೇಕು. ಈಗ ಅತ್ತೆ ಅಲ್ಲಿಗೂ ಬಿಡಲ್ಲ, ಕಾಲು ಜಾರ್ತೈತೆ ಅಂತಾರೆ."

"ಅಯ್ಯೋ ಪುಣ್ಯಾತ್ಗಿತ್ತಿ! ಅವತ್ತು ಹೇಳ್ಬಾರ್ದಾ?"

"ನೀವು ಕೇಳ್ಲಿಲ್ವಲ್ಲ" ಎಂದಳು ಹುಡುಗಿ. ಪೌಚಿನ ಗುಂಡಿ ಹಾಕಿಕೊಂಡು, "ಹೇಳಿದ್ರೆ ಫೋನ್ ಟ್ರಂಕಲ್ಲೇ ಇರ್ತಿತ್ತು" ಎಂದಳು.

ಟೀಚರ್ ಮನೆಗೆ ಬರುವ ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಂಡರು. "ಪೌಚ್ ಹಾಕ್ದೆ ಒಂದ್ಸಲ ನೋಡ್ಬೇಕಿತ್ತಲ್ಲ! ಹೈಸ್ಕೂಲ್ ಹುಡ್ಗೀರ್ಗೆ ಹೇಳ್ತಿದ್ದೆ, ಅಳತೆ ತಗಳ್ದೆ ಕತ್ರಿ ಹಾಕ್ಬೇಡ್ರೇ ಅಂತ. ಈಗ ನಾನೇ ಹಾಕ್ದೆ. ನೀನೂ ನೋಡ್ಕಂಡು ಸುಮ್ನಿದ್ದೆ!" ಕೊನೆಯ ಮಾತು ನನಗೆ. ನಾನು ಏನು ಹೇಳಲಿ?

ಹೇಳಲು ಒಂದು ಮಾತು ನನ್ನಲ್ಲಿತ್ತು. ಅದನ್ನು ಹೇಳಲು ನಮ್ಮ ಮನೆ ಬರುವತನಕ ಬೇಕಾಯಿತು. ನಿಮ್ಮ ತಾತನ ರೇಡಿಯೊ ನಮ್ಮ ಮನೆಯಲ್ಲಿ ಯಾವಾಗಲೂ ಸಣ್ಣಗೆ ಹಾಡುತ್ತಿರುತ್ತಿತ್ತು. ಮನೆ ಖಾಲಿ ಅನ್ನಿಸಬಾರದೆಂದು ನಾನು ಆರಿಸುತ್ತಿರಲಿಲ್ಲ. ಟೀಚರ್ ತಮ್ಮ ಫೋನನ್ನು ಅದರ ಪಕ್ಕ ಇಟ್ಟಾಗಲೆಲ್ಲ ರೇಡಿಯೊ ಹಾಡು ಬಿಟ್ಟು ಟರ್‌ಟರ್, ಟರ್‌ಟರ್ ಎನ್ನುತ್ತಿತ್ತು. ಅದಾದ ಮೇಲೆ ಫೋನು ರಿಂಗ್ ಆಗುತ್ತಿತ್ತು. ನಿಮಗೆ ಈಗಿನ ಫೋನುಗಳಲ್ಲಿ ಅದು ಗೊತ್ತಾಗುವುದಿಲ್ಲ.

"ಟೀಚರ್, ನಿಮ್ಮ ಫೋನು ನಮ್ಮ ರೇಡಿಯೊನ ಕೆಡಿಸ್ತೈತೆ" ಎಂದೆ. ಬೇರೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. "ಫೋನ್ ಬರೋಕೆ ಮುಂಚೆ ಇದು ಟರ್‌ಟರ್ ಅಂತೈತೆ."

ಟೀಚರ್ ನನ್ನನ್ನು ನೋಡಿದರು, ರೇಡಿಯೊವನ್ನು ನೋಡಿದರು. "ತಂಗಿ, ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನಿಮ್ಗೆ ಬೇಜಾರಾದೀತು ಅಂತ."

ಅವರು ಕಾಫಿ ಲೋಟವನ್ನು ಕಿಟಕಿಯಲ್ಲಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ತಮ್ಮ ಫೋನನ್ನು ರೇಡಿಯೊದ ಮಗ್ಗುಲಲ್ಲಿಟ್ಟು, ತಾವು ಹೇಳಿದ ಹಾಗೆ ಮಾಡಲು ನನಗೆ ಹೇಳಿ ಕಾಯಿನ್ ಬಾಕ್ಸಿಗೆ ಓಡಿದರು. ಮೊದಲು ಪೌಚ್ ಇಲ್ಲದೆ. ರೇಡಿಯೊ ಟರ್‌ಟರ್ ಎಂದಿತು, ಫೋನ್ ರಿಂಗ್ ಆಯಿತು. ಅವರು ಏದುಸಿರು ಬಿಡುತ್ತಾ ಬಂದು ಕೇಳಿಕೊಂಡು ಮತ್ತೆ ಓಡಿದರು. ಈಗ ಪೌಚಿನೊಳಗೆ. ಟರ್‌ಟರ್, ರಿಂಗ್. ಒಂದಿಷ್ಟೂ ವ್ಯತ್ಯಾಸವಿಲ್ಲ. ಮತ್ತೆ ಓಡಿದರು. ಸ್ಟೀಲ್ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದೆ. ಅಲ್ಲಿಂದಲೂ ಅದು ಬಾವಿಯೊಳಗೆ ಬಿದ್ದ ಕಪ್ಪೆಯಂತೆ ಕೂಗಿತು.

"ಡಬ್ಬಿಗೇ ಬಗ್ಗಲ್ಲ ಅಂದ್ರೆ ಈ ಬಟ್ಟೆಗೆ ಬಗ್ತೈತಾ!" ಎಂದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು, ಟೀಚರಮ್ಮನಿಗೆ ಏನಾಯಿತು ಎಂದು ನೋಡುತ್ತಿದ್ದರು.

ಕೊನೆಗೆ ಒಂದು ಸಂಗತಿ ತಾನಾಗಿ ಗೊತ್ತಾಯಿತು. ಡಬ್ಬಿಯಿಂದ ತೆಗೆದ ಫೋನನ್ನು ನಾನು ದೂರದ ಗೂಡಿನಲ್ಲಿ ಇಟ್ಟಿದ್ದೆ. ಆ ಸಲ ಫೋನ್ ರಿಂಗ್ ಆಯಿತು, ರೇಡಿಯೊ ಮಾತ್ರ ತನ್ನ ಪಾಡಿಗೆ ಹಾಡುತ್ತಿತ್ತು. ಪೌಚು ತಡೆಯದ್ದನ್ನು ನಡುವೆ ಇರುವ ಜಾಗ ತಡೆದಿತ್ತು. ಟೀಚರ್ ಅದನ್ನು ಎಷ್ಟೋ ಸಲ ಮಾಡಿಸಿ ನೋಡಿದರು.

ಮಾರನೆಯ ದಿನ ಪೌಚುಗಳ ಗಂಟು ಹೊತ್ತು ಚಿತ್ರದುರ್ಗಕ್ಕೆ ಹೋದೆವು. ಸದ್ಯ, ಹತ್ತಿದ ಬಸ್ಸು ಆ ದಿನ ತಕ್ಷಣ ಹೊರಟಿತು. ವ್ಯಾಪಾರಿ ಅಂಗಡಿಯಲ್ಲಿದ್ದ. ಒಳ್ಳೆಯ ಮಾತಿನವನು.

"ಬರ್ರಿ ಮೇಡಂ, ಕುಂತ್ಕಳ್ರಿ" ಎಂದ.

"ಕುಂತ್ಕಣಾಕೆ ಬಂದಿಲ್ಲಪ್ಪ. ನಿನ್ ಪೌಚೊಳಗೆ ಫೋನು ರಿಂಗ್ ಆಗ್ತೈತೆ."

"ಆಗ್ಲೇಬೇಕಲ್ಲ ಮೇಡಂ! ರಿಂಗೇ ಆಗ್ದಿದ್ರೆ ಯಾರ್ ತಗಂತಾರೆ?"

"ಹಂಗಾದ್ರೆ ತಡೆದಿದ್ದೇನು?"

"ಅದು ಮೈ ಕಡೆಗೆ ಬರೋದನ್ನ ಮಾತ್ರ ತಡೀತೈತೆ. ಹೊರಗಡೆಗೆ ಹೋಗೋದನ್ನ ಬಿಡ್ತೈತೆ."

"ಎರಡೂ ಕಡೆ ಒಂದೇ ಬಟ್ಟೆ ಹಾಕಿ ಹೊಲ್ದೋಳು ನಾನು. ಯಾವ್ದು ಮೈ ಕಡೆ, ಯಾವ್ದು ಹೊರಗಡೆ ಅಂತ ಅದಕ್ಕೆ ಯಾರಪ್ಪ ಹೇಳ್ಕೊಟ್ಟೋರು? ನೀನಾ?"

ಅವನು ನಕ್ಕ. ಸಿಟ್ಟು ಮಾಡಿಕೊಳ್ಳಲಿಲ್ಲ. "ಮೇಡಂ, ಜನಕ್ಕೆ ಭಯ ಐತೆ. ಭಯಕ್ಕೆ ಒಂದು ಸಮಾಧಾನ ಬೇಕು. ನಾನೇನು ವಿಷ ಮಾರ್ತಿಲ್ಲ."

ಟೀಚರ್ ಲೇಬಲ್‌ಗಳ ಕಟ್ಟನ್ನು ಅವನ ಮುಂದೆ ಇಟ್ಟರು. ಪೌಚ್ ಹೊಲಿಯುತ್ತೇವೆ, ಲೇಬಲ್ ಹಚ್ಚುವುದಿಲ್ಲ ಎಂದರು. ಅವನು ಆಗಲಿ ಎಂದು ಲೇಬಲ್‌ಗಳನ್ನು ವಾಪಸ್ ತೆಗೆದುಕೊಂಡ. ನಾವು ಮೆಟ್ಟಿಲು ಇಳಿಯುವ ಮೊದಲೇ ಅವನ ಕೆಲಸದವನು ನಾವು ತಂದ ಪೌಚುಗಳಿಗೆ ಅವನ್ನು ಅಂಟಿಸಲು ಶುರು ಮಾಡಿದ್ದ. ಟೀಚರ್ ತಿರುಗಿ ನೋಡಿದರು. ಮತ್ತೆ ಹತ್ತಿ ಹೋಗುತ್ತಾರೆ ಎಂದು ನಾನು ಹೆದರಿದೆ. ಹೋಗಲಿಲ್ಲ. ಬಸ್ ಸ್ಟ್ಯಾಂಡ್ ತನಕ, "ಸಮಾಧಾನ ಅಂತೆ, ಸಮಾಧಾನ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಆ ಮಾತು ಅವರಿಗೆ ಎಲ್ಲೋ ತಾಗಿತ್ತು.

ಊರಿಗೆ ಬಂದರೆ ಕವಿತಾ ನಮ್ಮ ಮನೆಯ ಜಗಲಿಯ ಮೇಲೆ ಕಾಯುತ್ತಿದ್ದಳು. ಅತ್ತೆಯ ಕಣ್ಣು ತಪ್ಪಿಸಿ ಬಂದಿದ್ದಳು. ಪೌಚು ಕೊರಳಲ್ಲಿತ್ತು.

"ಸುಳ್ಳು ಅಂತ ಗೊತ್ತಾತು ಅಲ್ವಾ ಟೀಚರ್? ಅತ್ತೆಗೆ ಹೇಳ್ಬೇಡ್ರಿ. ನಿಮ್ ಕಾಲಿಗೆ ಬೀಳ್ತೀನಿ. ಈಗ ಹಿತ್ತಿಲಿಗೆ ಹೋಗೋದಾದ್ರೂ ಹೆಂಗೋ ಮಾಡ್ಕಂತೀನಿ. ಟ್ರಂಕಿಗೆ ಹೋದ್ರೆ ಮತ್ತೆ ಬರಲ್ಲ."

"ನಿಂಗೆ ಭಯ ಇಲ್ವೇನೇ?"

"ಐತೆ" ಎಂದಳು ಕವಿತಾ. ಕೈ ಹೊಟ್ಟೆಯ ಮೇಲಿತ್ತು. "ಅದಕ್ಕೂ ಭಯ ಆಗ್ತೈತೆ, ಇದಕ್ಕೂ ಆಗ್ತೈತೆ. ಅವರು ಎಲ್ಲವ್ರೆ ಅಂತ ಗೊತ್ತಾಗ್ದಿದ್ರೆ ನನಗೆ ಉಸಿರು ಕಟ್ಟಿದಂಗಾಗ್ತೈತೆ ಟೀಚರ್."

ಆ ದಿನ ಟೀಚರ್ ನಡೆದಷ್ಟು ದಾರಿಯನ್ನು ಬೇರೆ ಯಾವತ್ತೂ ನಡೆದಿರಲಾರರು. ಸಂತೆ ಮೈದಾನದವರೆಗೆ ಹೋದರು, ಬಂದರು. ತಾಲ್ಲೂಕು ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನನ್ನು ಕಂಡು ಬಂದರು. ನಮ್ಮ ಮನೆಯ ಮುಂದೆ ಹಾದು ಹೋಗುವಾಗ ಒಂದು ಸಲ, "ಹೇಳಿದ್ರೆ ಆ ಹುಡ್ಗಿ ಸಾಯ್ತಾಳೆ" ಎಂದರು. ಹಿಂದಿರುಗಿ ಬರುವಾಗ, "ಹೇಳ್ದಿದ್ರೆ ಅವ್ಳು ಸುಳ್ಳನ್ನ ಹೊಟ್ಟೆ ಮೇಲೆ ಕಟ್ಕಂಡು ತಿರುಗ್ತಾಳೆ" ಎಂದರು. ಬಿಸಿಲು ಇಳಿಯುವ ಹೊತ್ತಿಗೆ ಒಳಗೆ ಬಂದು ರೇಡಿಯೊ ಎತ್ತಿಕೊಂಡರು.

"ಬಾ, ಹೋಗಾಣ" ಎಂದರು.

ತಿಪ್ಪಮ್ಮನ ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಮೇಲೆ ರೇಡಿಯೊ ಇಟ್ಟೆವು. ಕವಿತಾಳ ಕೊರಳಿನಿಂದ ಫೋನನ್ನು ಪೌಚಿನ ಸಮೇತ ಬಿಡಿಸಿ ಅದರ ಪಕ್ಕದಲ್ಲಿಟ್ಟರು. ತಿಪ್ಪಮ್ಮನಿಗೆ, ಕಿವಿಗೊಟ್ಟು ಕೇಳು ಎಂದರು. ತಾವು ದೂರದ ನುಗ್ಗೆಮರದ ಹತ್ತಿರ ನಿಂತು ತಮ್ಮ ಫೋನಿನಿಂದ ಕರೆ ಮಾಡಿದರು. ರೇಡಿಯೊ ಟರ್‌ಟರ್ ಎಂದಿತು, ಪೌಚಿನೊಳಗೆ ಫೋನು ಕೂಗಿತು.

ತಿಪ್ಪಮ್ಮ ಹಾವು ಕಂಡವಳಂತೆ ಹಿಂದೆ ಸರಿದಳು. "ಏನಿದು ಟೀಚರಮ್ಮ? ಪೌಚೊಳಗೇ ಐತಲ್ಲ!"

"ಪೌಚು ಏನೂ ತಡೆಯಲ್ಲ ತಿಪ್ಪಮ್ಮ. ಅವತ್ತು ನಾನು ತಪ್ಪು ನೋಡ್ದೆ. ನಿನ್ ನಡುಮನೇಲಿ ಸಿಗ್ನಲ್ಲೇ ಇಲ್ಲ, ಅದಕ್ಕೆ ರಿಂಗ್ ಆಗ್ಲಿಲ್ಲ."

"ಅಂದ್ರೆ ಇಷ್ಟು ದಿನ ನನ್ ಸೊಸೆ ಹೊಟ್ಟೆ ಮೇಲೆ…" ತಿಪ್ಪಮ್ಮನ ಕೈ ಆಗಲೇ ಫೋನಿನ ಕಡೆ ಹೋಗಿತ್ತು. "ಕೊಡೇ ಇಲ್ಲಿ! ಇವತ್ತು ಇದನ್ನ ಬಾವಿಗೆ ಹಾಕ್ತೀನಿ."

ಕವಿತಾ ಅದಕ್ಕಿಂತ ಮೊದಲು ಫೋನನ್ನು ಹಿಡಿದಿದ್ದಳು. ಬೆರಳು ಬಿಡಿಸಲು ಆಗದಷ್ಟು ಬಿಗಿ. ಟೀಚರ್ ನಡುವೆ ಬಂದರು. ಫೋನನ್ನು ತೆಗೆದುಕೊಂಡು ಹೋಗಿ ಬಚ್ಚಲುಮನೆ ಗೋಡೆಯ ಗೂಡಿನಲ್ಲಿಟ್ಟರು. ಮತ್ತೆ ಕರೆ ಮಾಡಿದರು. ಫೋನು ಗೂಡಿನಲ್ಲಿ ಕೂಗಿತು, ಕಲ್ಲಿನ ಮೇಲಿನ ರೇಡಿಯೊ ಪೇಟೆ ಧಾರಣೆ ಓದುತ್ತಲೇ ಇತ್ತು.

"ನೋಡ್ದಾ? ದೂರ ಇಟ್ರೆ ರೇಡಿಯೊಕ್ಕೆ ಗೊತ್ತೇ ಆಗಲ್ಲ. ಅಲ್ಲಿರ್ಲಿ ಫೋನು. ಇವ್ಳು ಇಲ್ಲಿರ್ಲಿ. ಕೊರಳಿಗೆ ಯಾಕೆ?"

"ರೇಡಿಯೊಕ್ಕೆ ಗೊತ್ತಾಗಲ್ಲ ಟೀಚರಮ್ಮ" ಎಂದಳು ತಿಪ್ಪಮ್ಮ. "ಹೊಟ್ಟೆಯೊಳಗಿನ ಕೂಸಿಗೆ ಗೊತ್ತಾಗ್ತೈತೋ ಏನೋ, ಯಾರು ಕಂಡೋರು?"

"ನಾನೂ ಕಂಡಿಲ್ಲ. ಡಾಕ್ಟ್ರಮ್ಮನ್ನ ಕೇಳ್ದೆ. ಅಷ್ಟು ಹೆದ್ರಬೇಡ್ರಿ ಅಂದ್ರು, ಹೊತ್ತು ಹೊತ್ತಿಗೆ ಊಟ ಮಾಡ್ಸಿ ಅಂದ್ರು." ಟೀಚರ್ ಒಂದು ಸಲ ಗೂಡಿನ ತನಕ ಹೋಗಿ ಬಂದರು. ಆಮೇಲೆ ಕೇಳಿದರು. "ತಿಪ್ಪಮ್ಮ, ಹೋದ ಸಲ ಕೂಸು ಹೋದಾಗ ಈ ಮನೇಲಿ ಫೋನ್ ಇತ್ತಾ?"

ತಿಪ್ಪಮ್ಮ ಗೂಡಿನ ಕಡೆ ನೋಡಿದಳು. ಆ ಮನೆಗೆ ಫೋನು ಬಂದದ್ದು ಅದಾದ ಮೇಲೆ. ಮಗು ಹೋದ ದುಃಖದಲ್ಲಿ ಹೆಂಡತಿ ಒಬ್ಬಳೇ ಇರುತ್ತಾಳೆ ಎಂದು ಮಗ ತಂದುಕೊಟ್ಟಿದ್ದು.

"ಇರ್ಲಿಲ್ಲ" ಎಂದಳು. "ಹಂಗಾದ್ರೆ ಯಾತ್ರಿಂದ ಆತು ಟೀಚರಮ್ಮ?" ಎಂದು ಕೇಳಿದಳು.

"ಗೊತ್ತಿಲ್ಲ ಕಣೇ."

ಅವರ ಬಾಯಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ. ತಿಪ್ಪಮ್ಮ ಕಲ್ಲಿನ ಅಂಚಿಗೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದೂರಲು ಒಂದು ವಸ್ತು ಸಿಕ್ಕಿತ್ತು ಅವಳಿಗೆ. ಟೀಚರ್ ಅದನ್ನೂ ಕಿತ್ತುಕೊಂಡಿದ್ದರು. ಕವಿತಾ ಹೋಗಿ ಅತ್ತೆಯ ಪಕ್ಕದಲ್ಲಿ ನಿಂತಳು, ಮುಟ್ಟಲೋ ಬೇಡವೋ ಎಂಬಂತೆ.

ಏನು ಮಾಡುವುದೆಂದು ತಿಳಿಯದೆ ನಾನು ರೇಡಿಯೊವನ್ನು ಎತ್ತಿಕೊಂಡು ಗೂಡಿನ ಕೆಳಗೆ ಇಟ್ಟೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಇಟ್ಟು ಈಚೆ ತಿರುಗುವಷ್ಟರಲ್ಲಿ ಅದು ಟರ್‌ಟರ್, ಟರ್‌ಟರ್ ಎಂದಿತು.

ಎಲ್ಲರೂ ಟೀಚರ್ ಕಡೆ ನೋಡಿದೆವು. "ನಾನಲ್ಲ" ಎಂದು ಅವರು ತಮ್ಮ ಫೋನನ್ನು ಎತ್ತಿ ತೋರಿಸಿದರು.

ಗೂಡಿನಲ್ಲಿ ಫೋನು ಒಂದೇ ಒಂದು ಸಲ ಕೂಗಿ ನಿಂತುಹೋಯಿತು. ಕವಿತಾಳ ಮುಖ ಬಿಚ್ಚಿಕೊಂಡಿತು. "ಹಿರಿಯೂರು ದಾಟಿದ್ರು" ಎಂದಳು.

"ನಿಂಗೆಂಗೆ ಗೊತ್ತೇ? ಮಾತೇ ಆಡ್ಲಿಲ್ವಲ್ಲ ಅವ್ನು" ಎಂದಳು ತಿಪ್ಪಮ್ಮ.

"ಒಂದು ರಿಂಗು ಕೊಟ್ರೆ ಹಿರಿಯೂರು ದಾಟಿದ್ರು ಅಂತ. ಎರಡು ಕೊಟ್ರೆ ಊಟ ಆತು ಅಂತ."

ತಿಪ್ಪಮ್ಮ ಸೊಸೆಯನ್ನು ಬಿಟ್ಟ ಕಣ್ಣಿನಿಂದ ನೋಡಿದಳು. ಮಗ ಉಂಡನೋ ಇಲ್ಲವೋ ಎಂದು ಎಷ್ಟು ಸಲ ಒಬ್ಬಳೇ ಕೊರಗಿದ್ದಳೋ. ಅದರ ಸುದ್ದಿ ಅವಳ ಹಿತ್ತಿಲಿಗೇ ಬಂದು ಹೋಗುತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಫೋನು ಮತ್ತೆ ಟ್ರಂಕಿಗೆ ಹೋಗಲಿಲ್ಲ. ಗೂಡಿನಲ್ಲೇ ಉಳಿಯಿತು. ನಮ್ಮ ರೇಡಿಯೊ ಕೂಡ ಅಲ್ಲೇ ಉಳಿಯಿತು, ತಿಪ್ಪಮ್ಮ ಕೇಳಿ ಇಟ್ಟುಕೊಂಡಳು. ರೇಡಿಯೊ ಇಲ್ಲದ ಮನೆಯಲ್ಲಿ ನನಗೆ ಕೂರಲಾಗದೆ ಸಂಜೆಯ ಹೊತ್ತು ನಾನೇ ಅಲ್ಲಿಗೆ ಹೋಗತೊಡಗಿದೆ. ನೀವು ಕಥೆಯ ಕೊನೆಯನ್ನು ಮೊದಲೇ ಕೇಳುವ ಮಕ್ಕಳು, ಅದಕ್ಕೆ ಈಗಲೇ ಹೇಳುತ್ತೇನೆ. ಮಗು ಚೆನ್ನಾಗಿ ಹುಟ್ಟಿತು. ಹೆಣ್ಣು. ಈಗ ಹಿರಿಯೂರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಟೀಚರ್ ಕೆಲವು ವರ್ಷ ಬಿಟ್ಟು ಚಿತ್ರದುರ್ಗಕ್ಕೆ, ಜೋಗಿಮಟ್ಟಿ ಕಡೆಯ ತಂಗಿಯ ಮನೆಗೆ ಹೋದರು.

ನನಗೆ ನೆನಪಾಗುವುದು ಆ ಮಗು ಹುಟ್ಟುವುದಕ್ಕೆ ಸ್ವಲ್ಪ ಮುಂಚಿನ ಒಂದು ಸಂಜೆ. ತಿಪ್ಪಮ್ಮ ಗೂಡಿನ ಕೆಳಗೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಕವಿತಾ ದೂರದ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದಳು. ಟೀಚರ್ ಹಿತ್ತಿಲಲ್ಲಿ ತಿರುಗುತ್ತಾ ಯಾರದೋ ಬ್ಲೌಸಿನ ಅಳತೆಯ ಬಗ್ಗೆ ಬೈಯುತ್ತಿದ್ದರು. ರೇಡಿಯೊ ಟರ್‌ಟರ್ ಎಂದಿತು. ತಿಪ್ಪಮ್ಮ ಸೊಪ್ಪನ್ನು ಚೆಲ್ಲಿ ಎದ್ದಳು. "ಬಂತು, ಬಂತು, ನನ್ ಮಗ!" ಎಂದು ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡಳು. ಕವಿತಾ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಎದ್ದು ಬಂದಳು.

ಫೋನು ರಿಂಗ್ ಆಗಲಿಲ್ಲ. ರೇಡಿಯೊ ಮತ್ತೆ ಹಾಡಲು ಶುರು ಮಾಡಿತು.

"ಯಾಕೆ ಬರ್ಲಿಲ್ಲ?" ಎಂದಳು ಕವಿತಾ.

"ಅಲ್ಲಿಂದ ಹೊರಟೈತೆ ಕಣೇ. ದಾರೀಲೈತೆ. ಇನ್ನೇನು ಬರ್ತೈತೆ" ಎಂದಳು ತಿಪ್ಪಮ್ಮ.

ಯಾರೂ ಕರೆ ಮಾಡದಿದ್ದರೂ ಫೋನು ಆಗಾಗ ಸುಮ್ಮನೆ ಟವರಿನ ಜೊತೆ ಮಾತಾಡುತ್ತದೆ, ಆಗಲೂ ರೇಡಿಯೊ ಹಾಗೆ ಅನ್ನುತ್ತದೆ ಎಂದು ಟೀಚರ್ ಯಾರನ್ನೋ ಕೇಳಿ ತಿಳಿದುಕೊಂಡಿದ್ದರು. ನನಗೆ ಹೇಳಿದ್ದರು. ಈಗ ಅದನ್ನು ಹೇಳಲು ಬಾಯಿ ತೆರೆದರು. ಗೂಡಿನ ಕೆಳಗೆ ಫೋನು ಹಿಡಿದು ನಿಂತ ಅತ್ತೆ ಸೊಸೆಯರನ್ನು ನೋಡಿದರು. ನನ್ನನ್ನು ನೋಡಿದರು. ಹತ್ತಿರ ಹೋಗಿ, ಬಗ್ಗಿ, ರೇಡಿಯೊದ ಸದ್ದನ್ನು ಸ್ವಲ್ಪ ಜಾಸ್ತಿ ಮಾಡಿ ಹೊರಟುಹೋದರು.